ಎದ್ದು ನಿಂತು ಕೆಮ್ಮಿ

ಮಲಾಡಿನ ನಮ್ಮ ಕನ್ನಡ ಸಂಘದ ಹಳಬರು ನಾಲ್ಕು ಜನ ಸೇರಿದರೆ ಯಾವುದೋ ಒಂದು ಹೊತ್ತಿಗೆ ಆ ಡಾಕ್ಟರ ಮಾತು ಬರುತ್ತದೆ. ಒಬ್ಬರು ಎದ್ದು ನಿಂತು, ಮುಖ ಗಂಟಿಕ್ಕಿಕೊಂಡು, "ನಿಂತ್ಕೊಳಿ. ಕೆಮ್ಮಿ. ಇನ್ನೊಂದ್ಸಲ ಕೆಮ್ಮಿ" ಎಂದು ಅವರ ದನಿ ತೆಗೆಯುತ್ತಾರೆ. ಎಲ್ಲರೂ ನಗುತ್ತಾರೆ. ನಗು ಮುಗಿದ ಮೇಲೆ ಇನ್ನೊಬ್ಬರು, "ಮನುಷ್ಯ ಒಳ್ಳೆಯವರೇ. ಆದರೆ ಒಬ್ಬ ಹುಡುಗನ ಹೊಟ್ಟೆ ಹಾಳು ಮಾಡಿಬಿಟ್ಟರು" ಎನ್ನುತ್ತಾರೆ. ಈ ಮಾತು ನಡೆಯುವಾಗ ನಾನು ಸಾಮಾನ್ಯವಾಗಿ ಏನಾದರೂ ತಿನ್ನುತ್ತಿರುತ್ತೇನೆ. ತಿನ್ನುವುದನ್ನು ಮುಂದುವರಿಸುತ್ತೇನೆ.

ಆ ಹುಡುಗ ನನ್ನ ಹೆಂಡತಿಯ ತಮ್ಮ. ಅವನ ಹೊಟ್ಟೆ ಹಾಳು ಮಾಡಿದವನು ನಾನು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಇಲ್ಲವಾದರೆ ಬರೆಯುತ್ತ ಬರೆಯುತ್ತ ಯಾವುದಾದರೂ ಸಂದಿಯಿಂದ ನಾನು ಜಾರಿಕೊಳ್ಳುತ್ತೇನೆ. ಅದರ ಅಭ್ಯಾಸ ನನಗಿದೆ.

ಡಾಕ್ಟರ ಹೆಸರು ಬರೆಯುವುದಿಲ್ಲ. ಅವರ ಹೆಸರಿನ ಹಿಂದೆ ಮುಂದೆ ನಮ್ಮ ಜನ ಇಷ್ಟು ವರ್ಷ ಏನೇನೋ ಸೇರಿಸಿದ್ದಾರೆ. ಹೆಸರು ಬರೆದರೆ ಅದೂ ಜೊತೆಗೆ ಬರುತ್ತದೆ.

ಮೈಸೂರಿನ ಕಡೆಯವರು. ಸರ್ಜನ್. ಎತ್ತರದ ಆಳು, ತೆಳ್ಳಗೆ, ಮದುವೆಯಾಗಿರಲಿಲ್ಲ. ಮಲಾಡ್ ಸ್ಟೇಷನ್ನಿನ ಹತ್ತಿರ, ಕುರುಕಲು ತಿಂಡಿ ಮಾರುವ ಒಂದು ಫರಸಾಣದ ಅಂಗಡಿಯ ಮೇಲಿನ ಮಹಡಿಯಲ್ಲಿ ಅವರ ಪುಟ್ಟ ನರ್ಸಿಂಗ್ ಹೋಂ ಇತ್ತು. ಕೆಳಗೆ ಬೆಳಗಿನಿಂದ ಕಡಲೆಹಿಟ್ಟಿನ ಗಾಂಠಿಯಾ ಕರಿಯುತ್ತಿದ್ದರು. ಮೇಲೆ ಆಪರೇಷನ್ನಿಗೆಂದು ಉಪವಾಸ ಮಲಗಿದವರಿಗೆ ಆ ವಾಸನೆ ನೇರ ಮೂಗಿಗೆ ಬರುತ್ತಿತ್ತು. ಕಿಟಕಿ ಮುಚ್ಚಿಸಿ ಎಂದು ಕೆಲವರು ಕೇಳುತ್ತಿದ್ದರು. ಡಾಕ್ಟರು ಮುಚ್ಚಿಸುತ್ತಿರಲಿಲ್ಲ. ಹೊಟ್ಟೆಯ ಆಪರೇಷನ್ ಆದ ಮೇಲೆ ಕರುಳು ಮತ್ತೆ ಕೆಲಸ ಶುರುಮಾಡಿತೋ ಇಲ್ಲವೋ ಎಂದು ತಿಳಿಯಲು ಅವರಿಗೆ ಆ ಅಂಗಡಿ ಬೇಕಿತ್ತು. ಬೆಳಗಿನ ಸುತ್ತಿನಲ್ಲಿ ಮಂಚದ ಹತ್ತಿರ ನಿಂತು, "ಗಾಂಠಿಯಾ ವಾಸನೆ ಹೇಗಿದೆ?" ಎಂದು ಕೇಳುತ್ತಿದ್ದರು. ವಾಕರಿಕೆ ಬರುತ್ತದೆ ಎಂದರೆ ಸಲೈನ್ ಮುಂದುವರಿಯುತ್ತಿತ್ತು. ಚೆನ್ನಾಗಿದೆ ಎಂದರೆ ಸ್ಟೆತಸ್ಕೋಪ್ ಇಟ್ಟು ಕೇಳಿ, "ಇವರಿಗೆ ನೀರು ಕೊಡಿ" ಎಂದು ನರ್ಸಿಗೆ ಹೇಳಿ ಮುಂದಿನ ಮಂಚಕ್ಕೆ ಹೋಗುತ್ತಿದ್ದರು.

ಹೊಟ್ಟೆ ಮುಟ್ಟುವ ಮೊದಲು ಎರಡೂ ಅಂಗೈ ಉಜ್ಜಿ, ತಮ್ಮ ಕೆನ್ನೆಗೇ ಒತ್ತಿ ನೋಡಿಕೊಳ್ಳುವರು. "ತಣ್ಣನೆ ಕೈ ಇಟ್ರೆ ಹೊಟ್ಟೆ ಬಾಗಿಲು ಹಾಕ್ಕೊಳ್ಳುತ್ತೆ" ಎನ್ನುವರು. ಕೈ ಹೊಟ್ಟೆಯ ಮೇಲಿದ್ದರೆ ಕಣ್ಣು ಪೇಷಂಟಿನ ಮುಖದ ಮೇಲೆ. ಮಾತು ಮಾತ್ರ ಬೇರೆ: ನಿಮ್ಮ ಬಿಲ್ಡಿಂಗಿಗೆ ನೀರು ಎಷ್ಟು ಹೊತ್ತಿಗೆ ಬರುತ್ತದೆ, ಅವರೆಕಾಳು ಇಲ್ಲಿ ಎಲ್ಲಿ ಸಿಗುತ್ತದೆ. ನೀರಿನ ಹೊತ್ತು ಹೇಳುತ್ತಿದ್ದವನು ಮಾತಿನ ನಡುವೆ ಹುಬ್ಬು ಕೂಡಿಸಿದರೆ ಡಾಕ್ಟರ ಬೆರಳು ಅಲ್ಲೇ ನಿಲ್ಲುತ್ತಿತ್ತು.

ನಕ್ಕದ್ದನ್ನು ನಾನು ನೋಡಿಲ್ಲ. ಯಾರಾದರೂ ತಮಾಷೆ ಮಾಡಿದರೆ, ಫಾಸ್ಟ್ ಲೋಕಲ್ ದಾಟಿ ಹೋಗಲಿ ಎಂದು ಪ್ಲಾಟ್‌ಫಾರ್ಮಿನಲ್ಲಿ ಮಾತು ನಿಲ್ಲಿಸಿ ಕಾಯುತ್ತೇವಲ್ಲ, ಹಾಗೆ ಕಾದು, ಆಮೇಲೆ ತಮ್ಮ ವಾಕ್ಯವನ್ನು ಬಿಟ್ಟಲ್ಲಿಂದ ಮುಂದುವರಿಸುತ್ತಿದ್ದರು. ಸಂಘದ ರಾಜ್ಯೋತ್ಸವದಲ್ಲಿ ಒಂದು ವರ್ಷ ಊಟಕ್ಕೆ ಮುಂಚೆ ಆರೋಗ್ಯದ ಬಗ್ಗೆ ನಾಲ್ಕು ಮಾತಾಡಿ ಎಂದು ಕರೆದರು. ಅವರು ಮಲಬದ್ಧತೆಯಿಂದ ಶುರುಮಾಡಿ ಕರುಳಿನೊಳಗೆ ಗಾಳಿ ಚಲಿಸುವ ರೀತಿಯನ್ನು ಕೈಯಲ್ಲಿ ತೋರಿಸತೊಡಗಿದರು. ಹಿಂದೆ ಎಲೆ ಹಾಕಿ ಚಿತ್ರಾನ್ನ ಬಡಿಸಿಯಾಗಿತ್ತು. ಕಾರ್ಯದರ್ಶಿ ಗಂಟೆ ಬಾರಿಸಿದ. ಡಾಕ್ಟರು ಅವನ ಕಡೆ ತಿರುಗಿ, "ಊಟಕ್ಕೆ ಕರೀತಿದ್ದೀರೋ, ನನ್ನನ್ನ ನಿಲ್ಲಿಸ್ತಿದ್ದೀರೋ?" ಎಂದು ಕೇಳಿದರು. ನಿಜವಾಗಿ ತಿಳಿದುಕೊಳ್ಳಲು ಕೇಳಿದ್ದು. "ಎರಡೂ ಸರ್" ಎಂದ ಕಾರ್ಯದರ್ಶಿ. "ಆಯ್ತು" ಎಂದು ಕೆಳಗಿಳಿದು ಬಂದು ಎಲೆಯ ಮುಂದೆ ಕುಳಿತರು.

ಅದೇ ಪಂಕ್ತಿಯಲ್ಲಿ ನಾನು ಅವರ ಪಕ್ಕದಲ್ಲಿ ಕುಳಿತು ನನ್ನ ಪರಿಚಯ ಹೇಳಿಕೊಂಡೆ. ನಾನು ಧಾರವಾಡದ ಕಡೆಯವನು. ಎಸ್ಸೆಸ್ಸೆಲ್ಸಿ ಮುಗಿಸಿ ಮುಂಬೈಗೆ ಬಂದು ಮಲಾಡ್ ಮಾರ್ಕೆಟ್ಟಿನ ಒಂದು ಬಟ್ಟೆ ಅಂಗಡಿಯಲ್ಲಿ ಸೇರಿದವನು. ಇಷ್ಟು ಹೇಳಿದ್ದರೆ ಸಾಕಿತ್ತು. ನಾನು ಬಟ್ಟಿ ತೆಗೆಯುವುದನ್ನೂ ಹೇಳಿದೆ.

ಗೊತ್ತಿಲ್ಲದವರಿಗೆ ಹೇಳಬೇಕು. ಭಾರ ಎತ್ತಿದಾಗ, ಹೆಜ್ಜೆ ತಪ್ಪಿದಾಗ, ಹೊಕ್ಕಳಿನ ಒಳಗಿನ ಬಟ್ಟಿ ಸರಿಯುತ್ತದೆ, ಹೊಟ್ಟೆನೋವು ಅದರಿಂದಲೇ ಎಂದು ನಮ್ಮ ಕಡೆ ನಂಬುತ್ತಾರೆ. ಸರಿದ ಬಟ್ಟಿಯನ್ನು ಜಾಗಕ್ಕೆ ತರಲು ಎಣ್ಣೆ ಹಚ್ಚಿ ಹೊಟ್ಟೆ ತಿಕ್ಕುತ್ತಾರೆ. ಅದಕ್ಕೂ ಬಗ್ಗದಿದ್ದರೆ ಹೊಕ್ಕಳ ಮೇಲೆ ಹಿಟ್ಟಿನ ಹಣತೆ ಇಟ್ಟು, ಬತ್ತಿ ಹಚ್ಚಿ, ಮೇಲೆ ತಂಬಿಗೆ ಬೋರಲು ಹಾಕುತ್ತಾರೆ. ದೀಪ ಆರಿದ ಕೂಡಲೇ ತಂಬಿಗೆ ಹೊಟ್ಟೆಯನ್ನು ಕಚ್ಚಿ ಎಳೆದು ಹಿಡಿಯುತ್ತದೆ. ನೋಡಲು ಬಹಳ ಚೆನ್ನಾಗಿರುತ್ತದೆ. ನಾನು ಇದನ್ನು ನನ್ನ ಸೋದರತ್ತೆಯಿಂದ ಕಲಿತಿದ್ದೆ. ಭಾನುವಾರ ನಮ್ಮ ಚಾಳಿನ ಖೋಲಿಯ ಮುಂದೆ ಜನ ಕೂರುತ್ತಿದ್ದರು. ಅವರಲ್ಲಿ ಮರಾಠಿಯವರೂ ಇರುತ್ತಿದ್ದರು. ನಾನು ದುಡ್ಡು ಮುಟ್ಟುತ್ತಿರಲಿಲ್ಲ. ಅಂಗಡಿಯಲ್ಲಿ ನನ್ನನ್ನು ಎಲ್ಲರೂ "ಏ ಕಾನಡಿ" ಎಂದು ಕರೆಯುತ್ತಿದ್ದರು. ಚಾಳಿನಲ್ಲಿ "ಮಾಸ್ತರ" ಎನ್ನುತ್ತಿದ್ದರು. ನನಗೆ ಬೇಕಾದದ್ದು ಅಷ್ಟೇ.

ಡಾಕ್ಟರು ಚಿತ್ರಾನ್ನ ಕಲಸುತ್ತ ಕೇಳಿಸಿಕೊಂಡರು. "ನಮ್ಮಜ್ಜಿನೂ ತೆಗೀತಿದ್ರು. ಎಷ್ಟು ಜನಕ್ಕೆ ವಾಸಿಯಾಗುತ್ತೆ?"

"ಎಲ್ಲಾರಿಗೂ ಆಗತೈತ್ರಿ."

"ನನ್ನ ಹತ್ರ ಅಷ್ಟು ಜನಕ್ಕೆ ವಾಸಿಯಾಗಲ್ಲ" ಎಂದರು.

ನಾನು ಇದನ್ನು ಹೊಗಳಿಕೆ ಎಂದು ತಿಳಿದು ಮನೆಗೆ ಬಂದು ಕಸ್ತೂರಿಗೆ ಹೇಳಿದೆ. ಕಸ್ತೂರಿ ನನ್ನ ಹೆಂಡತಿ.

ಎಂಬತ್ತರ ದಶಕದ ನಡುವಿನ ಮಾತು ಇದು. ಕಸ್ತೂರಿಯ ತಮ್ಮ ಬಸವರಾಜ ಆಗ ನಮ್ಮ ಜೊತೆಗೇ ಇದ್ದ. ಬಸು ಎನ್ನುತ್ತಿದ್ದೆವು. ಇಪ್ಪತ್ತು ದಾಟಿದ್ದ, ಗಟ್ಟಿಮುಟ್ಟಾದ ಹುಡುಗ. ನಮ್ಮ ಅಂಗಡಿಯ ಗೋಡೌನಿನಲ್ಲೇ ಅವನನ್ನು ಕೆಲಸಕ್ಕೆ ಹಚ್ಚಿದ್ದೆ. ಒಂದು ಸಂಜೆ ಬಟ್ಟೆಯ ಗಂಟು ಏರಿಸಿದ್ದ ಹಾತ್‌ಗಾಡಿಯನ್ನು ಇಳಿಜಾರಿನಲ್ಲಿ ತಡೆದು ನಿಲ್ಲಿಸಲು ಹೋದ. ಗಾಡಿ ತಿರುಗಿತು. ಎಳೆಯುವ ಮರದ ತುದಿ ಅವನ ಹೊಟ್ಟೆಗೆ, ಹೊಕ್ಕಳ ಬಲಗಡೆ ಸ್ವಲ್ಪ ಕೆಳಗೆ, ಗುದ್ದಿತು. ರಕ್ತ ಬರಲಿಲ್ಲ. ಚರ್ಮ ಕೂಡ ತರಚಿರಲಿಲ್ಲ, ಕೆಂಪಗಾಗಿತ್ತು ಅಷ್ಟೆ. ಸ್ವಲ್ಪ ಹೊತ್ತು ಕುಳಿತು, ಎದ್ದು, ನಡೆದುಕೊಂಡೇ ಮನೆಗೆ ಬಂದ.

"ಭಾವ, ತಡ್ಕೊಳ್ಳಾಕ ಆಗವಲ್ದು" ಎಂದು ಗೋಡೆ ಹಿಡಿದು ನಿಂತ.

ಅಂಗಿ ಎತ್ತಿ ನೋಡಿದೆ. ಪೆಟ್ಟು ಬಿದ್ದಲ್ಲಿ ನಿಂಬೆಹಣ್ಣಿನಷ್ಟು ಗಂಟು ಎದ್ದಿತ್ತು. ಅಂಥದ್ದನ್ನು ನಾನು ಹಿಂದೆ ಕಂಡಿರಲಿಲ್ಲ. ಆದರೆ ಹೊಕ್ಕಳ ಹತ್ತಿರ ಏನಾದರೂ ಆದರೆ ನನಗೆ ಗೊತ್ತಿದ್ದ ಹೆಸರು ಒಂದೇ.

"ಬಟ್ಟಿ ಸರದೈತಿ" ಎಂದೆ. "ಮಲ್ಕೊ. ಕಣ್ಣು ಮುಚ್ಚು."

ಚಾಳಿನವರು ಬಾಗಿಲಲ್ಲಿ ಸೇರಿದರು. ಎಣ್ಣೆ ಹಚ್ಚಿ ಮೆಲ್ಲಗೆ ಒತ್ತುತ್ತ ಹೋದೆ. ಗಂಟು ಗುಳುಗುಳು ಎಂದು ಸದ್ದು ಮಾಡಿ ನನ್ನ ಬೆರಳಿನ ಕೆಳಗೆ ಒಳಗೆ ಹೋಗಿಬಿಟ್ಟಿತು. ಆ ಸದ್ದು ಬಾಗಿಲಲ್ಲಿ ನಿಂತವರಿಗೂ ಕೇಳಿಸಿತು. ಅಲ್ಲಿಯವರೆಗೆ ನಾನು ತೆಗೆದ ಯಾವ ಬಟ್ಟಿಯೂ ಸದ್ದು ಮಾಡಿರಲಿಲ್ಲ. "ಆಯಿ ಗ! ಬಸಲಾ, ಬಸಲಾ!" ಎಂದಳು ಪಕ್ಕದ ಮನೆಯ ಮರಾಠಿ ಮುದುಕಿ. ಕೂತಿತು, ಜಾಗಕ್ಕೆ ಕೂತಿತು ಎಂದು ಅರ್ಥ. ಬಸುವಿಗೂ ಅರ್ಧ ನೋವು ಇಳಿದಂತಾಯಿತು. ನನ್ನ ಜೀವಮಾನದಲ್ಲಿ ಅಷ್ಟು ಜನ ಒಟ್ಟಿಗೆ ನನ್ನನ್ನು ಮೆಚ್ಚಿದ್ದು ಅದೊಂದೇ ಸಲ.

ಮರುದಿನ ಬೆಳಗ್ಗೆ ಕಸ್ತೂರಿ ಪಟ್ಟು ಹಿಡಿದಳು. "ಬಟ್ಟಿ ನೀವು ತಗದ್ರಿ, ಛಲೋ ಆತು. ಆದ್ರ ಗಾಡಿ ಬಡದದ್ದು ಐತಲ್ಲ, ಅದನ್ನ ಡಾಕ್ಟರು ನೋಡ್ಲಿ." ಆಟೋದಲ್ಲಿ ಬಸುವಿಗೆ ನಾನು ಹೇಳಿಕೊಟ್ಟೆ: ಬಟ್ಟಿ ತೆಗೆದದ್ದನ್ನು ಅಲ್ಲಿ ಹೇಳಬೇಡ, ಇಂಗ್ಲಿಷ್ ಔಷಧದವರು ಇದನ್ನು ನಂಬುವುದಿಲ್ಲ, ನಗುತ್ತಾರೆ.

ಡಾಕ್ಟರು ಅಂಗೈ ಉಜ್ಜಿ, ಕೆನ್ನೆಗೆ ಒತ್ತಿ, ಬಸುವಿನ ಹೊಟ್ಟೆ ನೋಡಿದರು. ಅವನಿಗೆ ನೋವಿದ್ದದ್ದರಿಂದ ಮಲಗಿಸಿಯೇ ನೋಡಿದರು. ಮಲಗಿದವನ ಹೊಟ್ಟೆಯಲ್ಲಿ ಗಂಟು ಇರಲಿಲ್ಲ, ಚರ್ಮ ನೀಲಿಗಟ್ಟಿತ್ತು, ಒಳಗೆ ಸ್ವಲ್ಪ ದಪ್ಪಗೆ ಕೈಗೆ ಹತ್ತುತ್ತಿತ್ತು. "ಪೆಟ್ಟು ಬಿದ್ದ ಮೇಲೆ ಇಲ್ಲಿ ಏನಾದ್ರೂ ಉಬ್ಬಿತ್ತಾ?" ಎಂದು ಕೇಳಿದರು.

"ಭಾವನ್ನ ಕೇಳ್ರಿ. ನಾ ಕಣ್ಣು ಮುಚ್ಚಿ ಮಲಗಿದ್ನಿ" ಎಂದ ಬಸು.

ಅವನನ್ನು ಎಕ್ಸ್‌ರೇಗೆ ಕಳಿಸಿ ನನ್ನನ್ನು ಕೂರಿಸಿಕೊಂಡರು. ಅವರ ಪ್ರಶ್ನೆ ನನಗೆ ಇವತ್ತಿಗೂ ಅವರ ದನಿಯಲ್ಲೇ ನೆನಪಿದೆ.

"ನೋಡಿ, ಎರಡರಲ್ಲಿ ಒಂದು. ಬರೀ ರಕ್ತ ಹೆಪ್ಪುಗಟ್ಟಿದ್ರೆ ತಾನಾಗೇ ಕರಗುತ್ತೆ. ಹೊಟ್ಟೆಯ ಸ್ನಾಯು ಹರಿದು ಕರುಳು ಹೊರಗೆ ಬಂದಿದ್ರೆ ಇವತ್ತೇ ಆಪರೇಷನ್ ಮಾಡ್ಬೇಕು. ರಕ್ತದ ಗಂಟು ಒತ್ತಿದ್ರೆ ಒಳಗೆ ಹೋಗಲ್ಲ, ಕರುಳಿಂದು ಹೋಗುತ್ತೆ. ಗಂಟು ಬಂದಿತ್ತಾ? ಒತ್ತಿದ್ರೆ ಹೋಯ್ತಾ?"

ಇದಕ್ಕಿಂತ ಸರಳವಾಗಿ ಯಾರೂ ಕೇಳಲಾರರು. ಬಂದಿತ್ತು, ಒತ್ತಿದೆ, ಹೋಯಿತು ಎಂದರೆ ಮುಗಿಯಿತು. ಆದರೆ ಹಾಗೆಂದರೆ ನಿನ್ನೆ ಚಾಳಿನವರೆಲ್ಲ ನೋಡಿದ್ದು ಬಟ್ಟಿ ಅಲ್ಲ, ಕರುಳು ಎಂದಾಗುತ್ತಿತ್ತು. ಮಾಸ್ತರ ಕರುಳಿಗೆ ಎಣ್ಣೆ ತಿಕ್ಕಿದ ಎಂದಾಗುತ್ತಿತ್ತು.

"ಇಲ್ರಿ. ಬರೇ ನೋವು" ಎಂದೆ.

"ಗಂಟು ಬರಲೇ ಇಲ್ವಾ?"

"ಇಲ್ರಿ."

ಆಗ ಸೋನೋಗ್ರಫಿ ಮಾಡಿಸಲು ಮಲಾಡಿನಿಂದ ವಿಲೆ ಪಾರ್ಲೆಗೆ ಹೋಗಬೇಕಿತ್ತು. ಸಿಟಿ ಸ್ಕ್ಯಾನ್ ಎಂದರೆ ಊರಿನೊಳಗಿನ ದೊಡ್ಡ ಆಸ್ಪತ್ರೆಗಳ ಮಾತು. ಪಾರ್ಲೆಗೆ ಕಳಿಸಲು ಡಾಕ್ಟರು ಚೀಟಿ ತೆಗೆದುಕೊಂಡಿದ್ದರು. ನನ್ನ ಉತ್ತರ ಕೇಳಿದ ಮೇಲೆ ಪೆನ್ನಿನ ಟೋಪಿ ಹಾಕಿದರು. ಎಕ್ಸ್‌ರೇಯಲ್ಲೂ ಕೆಟ್ಟದ್ದೇನೂ ಕಾಣಲಿಲ್ಲ. "ರಕ್ತ ಹೆಪ್ಪುಗಟ್ಟಿದೆ. ಮಲಗಿರಲಿ. ವಾಂತಿ ಆದ್ರೆ, ಇಲ್ಲಾ ಇಲ್ಲಿ ಏನಾದ್ರೂ ಉಬ್ಬಿದ್ರೆ, ಆ ಕ್ಷಣ ಕರ್ಕೊಂಡು ಬನ್ನಿ. ನಾನು ಊಟ ಮಾಡ್ತಿದ್ರೂ ಎಬ್ಬಿಸಿ" ಎಂದು ನನಗೆ ಹೇಳಿದರು. ಬಸು ಹೊರಗೆ ಬೆಂಚಿನ ಮೇಲೆ ಮಲಗಿದ್ದ.

ಆ ಸಂಜೆ ಬಸು ಬಚ್ಚಲಿಗೆಂದು ಎದ್ದ ಕೂಡಲೇ ಗಂಟು ಹೊರಗೆ ಬಂತು. ನಾನು ಒಳಗೆ ತಳ್ಳಿದೆ. ಗುಳುಗುಳು ಎಂದಿತು. ಮರುದಿನವೂ ಬಂತು, ಮತ್ತೆ ತಳ್ಳಿದೆ. ಇದು ಬಟ್ಟಿ ಅಲ್ಲ ಎಂದು ಆಗ ನನಗೆ ಗೊತ್ತಿತ್ತು, ಡಾಕ್ಟರು ಅಷ್ಟು ಬಿಡಿಸಿ ಹೇಳಿದ್ದರು. ಗೊತ್ತಿದ್ದೂ ಹಣತೆ ಇಟ್ಟು ತಂಬಿಗೆ ಬೋರಲು ಹಾಕಿದೆ. ಯಾಕೆ ಎಂದು ನನ್ನನ್ನು ನಾನೇ ಬಹಳ ಸಲ ಕೇಳಿಕೊಂಡಿದ್ದೇನೆ. ಸುಳ್ಳು ಹೇಳಿದ ಮೇಲೆ ಅದು ನಿಜವಾಗಲಿ ಎಂದು ನನ್ನ ಕೈಲಾದದ್ದನ್ನೆಲ್ಲ ಮಾಡಿದೆ ಎಂದು ಕಾಣುತ್ತದೆ.

ಅದರ ಮರುದಿನ ಗಂಟು ಒಳಗೆ ಹೋಗಲಿಲ್ಲ. ಕಲ್ಲಿನಂತಾಗಿತ್ತು. ಬಸು ಹಸಿರು ವಾಂತಿ ಮಾಡಿದ. ಹೊಟ್ಟೆ ಹಲಗೆಯಂತೆ ಬಿಗಿಯಿತು. ಕಸ್ತೂರಿ ನನ್ನನ್ನು ಕೇಳದೆ ಅಕ್ಕಪಕ್ಕದ ಗಂಡಸರನ್ನು ಕರೆದು ಅವನನ್ನು ಎತ್ತಿಸಿದಳು. ಮಧ್ಯಾಹ್ನದ ಹೊತ್ತು. ಡಾಕ್ಟರು ನಿಜಕ್ಕೂ ಊಟ ಮಾಡುತ್ತಿದ್ದರು. ಕೈ ತೊಳೆದು ಬಂದು, ಅಂಗಿ ಎತ್ತಿ ನೋಡಿ, ಅಂಗೈ ಉಜ್ಜದೆ, ನೇರ ಆಪರೇಷನ್ ಕೋಣೆಗೆ ಒಯ್ದರು.

ಬಹಳ ಹೊತ್ತಿನ ಮೇಲೆ ಹೊರಗೆ ಬಂದು ನನ್ನೊಬ್ಬನನ್ನೇ ತಮ್ಮ ಕೋಣೆಗೆ ಕರೆದರು. ಕೆಳಗೆ ಸಂಜೆಯ ಗಾಂಠಿಯಾ ಶುರುವಾಗಿತ್ತು.

"ಬದುಕ್ತಾನೆ" ಎಂದರು ಮೊದಲು. ಆಮೇಲೆ ಕುಳಿತು ಹೇಳಿದರು. "ನೀವು ಬಟ್ಟೆ ಅಂಗಡಿಯವರು, ನಿಮಗೆ ಅರ್ಥವಾಗುತ್ತೆ. ಕೋಟಿನ ಮೇಲುಬಟ್ಟೆ ಹಿಗ್ಗೋದಾಗಿದ್ದು, ಒಳಗಿನ ಲೈನಿಂಗ್ ಹಿಗ್ಗದೇ ಇರೋದು ಅಂತ ಇಟ್ಕೊಳಿ. ಗುದ್ದಿದ್ರೆ ಮೇಲಿನದು ಒಳಗೆ ಹೋಗಿ ವಾಪಸ್ ಬರುತ್ತೆ. ಲೈನಿಂಗ್ ಹರಿಯುತ್ತೆ. ಹೊರಗಿಂದ ನೋಡಿದ್ರೆ ಕೋಟು ಹೊಸದು. ಇವನಿಗೆ ಆಗಿದ್ದು ಅದು. ಹುಟ್ಟಿನಿಂದ ಬರೋ ಹರ್ನಿಯಕ್ಕೆ ಒಂದು ಚೀಲ ಇರುತ್ತೆ. ಇವನಿಗೆ ಚೀಲ ಇಲ್ಲ, ಹರಿದ ಅಂಚು. ಆ ಕಿಂಡೀಲಿ ಕರುಳು ಸಿಕ್ಕಿಕೊಂಡು ಕಪ್ಪಾಗಿತ್ತು. ಕಪ್ಪಾಗಿದ್ದನ್ನ ತೆಗೆದು, ಎರಡು ತುದಿ ಸೇರಿಸಿ ಹೊಲಿದೆ. ಸ್ನಾಯುವಿನ ಅಂಚು ಕತ್ತರಿಸಿ ಸಮ ಮಾಡಿ, ಒಂದೊಂದು ಪದರವನ್ನೂ ಬೇರೆ ಬೇರೆ ಹೊಲಿದಿದ್ದೀನಿ, ಕರಗದ ದಾರದಲ್ಲಿ. ಬಲಕ್ಕೆ ಅಂತ ಮೇಲೆ ಜಾಲರಿ ಇಡೋಕಾಗ್ಲಿಲ್ಲ, ಒಳಗೆ ಕೊಳೆ ಇತ್ತು. ಗಾಯ ಬೇಗ ಮಾಯಲ್ಲ."

ನಾನು ತಲೆ ಆಡಿಸಿದೆ.

"ಹೊಕ್ಕಳ ಸುತ್ತ ಒಂದು ಉಂಗುರ ಇದೆ. ಯಾವ ಪಾತ್ರೆ?"

"ತಂಬಗಿ."

"ಹಿತ್ತಾಳೆದೋ, ಸ್ಟೀಲೋ?"

"ಹಿತ್ತಾಳಿದು."

"ಮೊದಲನೇ ದಿನ ಗಂಟು ಇತ್ತು."

ಅದು ಪ್ರಶ್ನೆಯಲ್ಲ. ಆದರೂ ಉತ್ತರ ಕೊಡಬಹುದಿತ್ತು. ಡಾಕ್ಟರು ನನ್ನ ಮುಖ ನೋಡುತ್ತ, ಹೊಟ್ಟೆಯ ಮೇಲೆ ಕೈ ಇಟ್ಟಾಗ ಕಾಯುತ್ತಿದ್ದಂತೆ, ಸ್ವಲ್ಪ ಹೊತ್ತು ಕಾದರು. ಆಮೇಲೆ, "ತಂಬಿಗೆ ಇನ್ನು ಮೇಲೆ ನೀರು ಕುಡಿಯೋಕೆ ಮಾತ್ರ" ಎಂದು ಎದ್ದರು.

ಹೊರಗೆ ಕಸ್ತೂರಿ ಮತ್ತು ಚಾಳಿನವರು ನಿಂತಿದ್ದರು. ಅವರ ಮುಂದೆ ಡಾಕ್ಟರು ಹೇಳಿದರು: "ಮೊದಲ ದಿನ ನಾನು ಇದನ್ನ ಹಿಡೀಲಿಲ್ಲ. ಅವನನ್ನ ನಿಲ್ಲಿಸಿ ಕೆಮ್ಮಿಸಬೇಕಿತ್ತು. ಕೆಮ್ಮಿದ್ರೆ ಹೊರಗೆ ಬಂದು ಕಾಣಿಸ್ತಿತ್ತು. ನೋವಿದೆ ಅಂತ ಮಲಗಿಸೇ ನೋಡಿದೆ. ತಪ್ಪು ನಂದು."

"ತಪ್ಪು ಅಂದ್ರ ಅವನ ಕರಳು ಹೊಳ್ಳಿ ಬರತೈತೇನ್ರಿ?" ಎಂದಳು ಕಸ್ತೂರಿ.

"ಇಲ್ಲಮ್ಮ. ಬರಲ್ಲ."

ಚಾಳಿನವರು ನನ್ನ ಕಡೆ ನೋಡಿದರು. ನೋಡಿದ್ದು ಮರ್ಯಾದೆಯಿಂದ. ಅಷ್ಟು ದಿನ ಗಂಟನ್ನು ಒತ್ತಿ ಒತ್ತಿ ಹುಡುಗನ ಜೀವ ಹಿಡಿದಿಟ್ಟವನು ನಾನು, ಮನೆಗೆ ಕಳಿಸಿದವರು ಡಾಕ್ಟರು ಎಂಬುದು ಅವತ್ತೇ ತೀರ್ಮಾನವಾಯಿತು. ಅದರಲ್ಲಿ ಎರಡನೆಯದು ಸುಳ್ಳೂ ಅಲ್ಲ.

ಗಾಯ ಕೀವಾಯಿತು. ಬಸು ನಮ್ಮ ಖೋಲಿಯಲ್ಲಿ ಹಾಸಿಗೆ ಹಿಡಿದ. ಗೋಡೌನಿನ ಕೆಲಸ ಹೋಯಿತು. ಅವನು ಆ ನರ್ಸಿಂಗ್ ಹೋಂ ಮೆಟ್ಟಿಲು ಹತ್ತುವುದಿಲ್ಲ ಎಂದ. ಡಾಕ್ಟರೇ ಬ್ಯಾಗು ಹಿಡಿದು ನಮ್ಮ ಚಾಳಿನ ಮೆಟ್ಟಿಲು ಹತ್ತಿ ಬಂದು ಗಾಯ ಕಟ್ಟತೊಡಗಿದರು. ಬಸು ಗೋಡೆಯ ಕಡೆ ಮುಖ ತಿರುಗಿಸಿ ಮಲಗುತ್ತಿದ್ದ.

"ಹಸಿವು ಹೇಗಿದೆ?" ಎಂದು ಡಾಕ್ಟರು ಕೇಳುವರು.

"ಐತಿ ಅಂತ ಹೇಳ್ರಿ ಭಾವ" ಎನ್ನುವನು ಬಸು ಗೋಡೆಗೆ.

"ಐತಂತ್ರಿ" ಎನ್ನುವೆನು ನಾನು.

ಡಾಕ್ಟರು ಗಾಯದಿಂದ ತಲೆ ಎತ್ತಿ ನನ್ನನ್ನು ನೋಡಿ, "ಖಂಡಿತಾನಾ?" ಎಂದು ಕೇಳುವರು. ನಾನು ಮತ್ತೆ ಬಸುವನ್ನು ಕೇಳುವೆನು. ಒಂದು ಮಾರು ದೂರದಲ್ಲಿದ್ದ ಇಬ್ಬರ ನಡುವೆ ಮಾತು ನನ್ನ ಬಾಯಿಂದಲೇ ದಾಟಬೇಕಿತ್ತು. ಬಸುವಿಗೆ ನಾನು ಹೇಳಿದ್ದರಲ್ಲಿ ಪೂರ್ತಿ ನಂಬಿಕೆ. ಡಾಕ್ಟರು ಪ್ರತಿಯೊಂದನ್ನೂ ಎರಡು ಸಲ ಕೇಳಿಸಿಕೊಳ್ಳುತ್ತಿದ್ದರು. ಗಾಯ ಮಾಯುವವರೆಗೂ ಹೀಗೆ ನಡೆಯಿತು.

ನಾನು ಬಟ್ಟಿ ತೆಗೆಯುವುದನ್ನು ಬಿಟ್ಟೆ. ಮಣಿಕಟ್ಟು ನೋವು ಎಂದು ಜನರಿಗೆ ಹೇಳಿದೆ. ಮಾಸ್ತರ ತನ್ನ ಶಕ್ತಿಯನ್ನೆಲ್ಲ ಹೆಂಡತಿಯ ತಮ್ಮನಿಗೇ ಧಾರೆ ಎರೆದುಬಿಟ್ಟ ಎಂದು ಅವರು ಮಾತಾಡಿಕೊಂಡರು.

ಡಾಕ್ಟರು ಎಲ್ಲರನ್ನೂ ನಿಲ್ಲಿಸಿ ಕೆಮ್ಮಿಸಲು ಶುರುಮಾಡಿದ್ದು ಅದಾದ ಮೇಲೆ. ಕಿವಿನೋವೆಂದು ಬಂದ ಹೆಂಗಸು, ಉಗುರು ಸುತ್ತಾಗಿದ್ದ ಬ್ಯಾಂಕಿನವರು, ಮದುವೆ ಕಾಗದ ಕೊಡಲು ಹೋದ ನಮ್ಮ ಕಾರ್ಯದರ್ಶಿ, ಎಲ್ಲರೂ ಎದ್ದು ನಿಂತು ಕೆಮ್ಮಬೇಕಾಯಿತು. "ನನಗೇನೂ ಆಗಿಲ್ಲ ಸರ್" ಎಂದರೆ, "ಅದನ್ನ ನೀವು ಹೇಳೋದು ಬೇಡ" ಎನ್ನುತ್ತಿದ್ದರು. ಜೊತೆಗೆ ಬಂದವರು ಬಾಯಿ ಹಾಕಿದರೆ ಅವರ ಕಡೆ ತಿರುಗದೆಯೇ, "ಹೊಟ್ಟೆ ಸುಳ್ಳು ಹೇಳಲ್ಲ, ಹೊಟ್ಟೆ ಜೊತೆ ಬಂದವರು ಹೇಳ್ತಾರೆ" ಎನ್ನುವರಂತೆ. ಜನ ಇದನ್ನು ನನ್ನ ಮುಂದೆಯೇ ಅಭಿನಯಿಸಿ ತೋರಿಸುತ್ತಿದ್ದರು. ಲೋಕಲ್ಲಿನಲ್ಲಿ ಅವರು ಬ್ಯಾಗನ್ನು ಹೊಟ್ಟೆಗೆ ಅವಚಿ ನಿಲ್ಲುತ್ತಿದ್ದರು. ಮುಂಬೈಯಲ್ಲಿ ಎಲ್ಲರೂ ಹಾಗೇ ನಿಲ್ಲುತ್ತಾರೆ, ಜೇಬುಗಳ್ಳರ ಭಯಕ್ಕೆ. ಡಾಕ್ಟರು ಮಾತ್ರ, ಇದು ಹೊಟ್ಟೆಯ ಸ್ನಾಯುವಿಗೆ ಗುದ್ದು ಬೀಳದಿರಲಿ ಎಂದು, ಪಕ್ಕದವರಿಗೆ ವಿವರಿಸುತ್ತಿದ್ದರು.

ಸಂಘದವರು ಅವರನ್ನು ಭಾಷಣಕ್ಕೆ ಕರೆಯುವುದು ನಿಂತಿತು. ಕನ್ನಡದ ಮನೆಗಳು ಒಂದೊಂದಾಗಿ ಬೇರೆ ಡಾಕ್ಟರ ಕಡೆ ತಿರುಗಿದವು. ನಾವೂ ತಿರುಗಿದೆವು. ರಾಜ್ಯೋತ್ಸವಕ್ಕೆ ಅವರು ಪ್ರತಿ ವರ್ಷ ಬರುತ್ತಿದ್ದರು, ಹಿಂದಿನ ಸಾಲಿನಲ್ಲಿ ಕೂರುತ್ತಿದ್ದರು, ಪಕ್ಕದ ಕುರ್ಚಿ ಖಾಲಿ ಇರುತ್ತಿತ್ತು. ಅದರ ಮೇಲೆ ಕೊಡೆ ಇಟ್ಟುಕೊಳ್ಳುತ್ತಿದ್ದರು. ಬಸು ಗುಣವಾಗಿ ದಹಿಸರ್‌ನಲ್ಲಿ ನೋಟುಬುಕ್ಕು, ಪೆನ್ಸಿಲ್ಲಿನ ಒಂದು ಸಣ್ಣ ಅಂಗಡಿ ಇಟ್ಟ, ಮದುವೆಯಾದ. ಹೊಟ್ಟೆಯ ಮೇಲಿನ ಗೆರೆಯನ್ನು ಗಿರಾಕಿಗಳಿಗೂ ತೋರಿಸಿ ಡಾಕ್ಟರನ್ನು ಬಯ್ಯುತ್ತಿದ್ದ. ಕಟುಕ ಎಂಬುದು ಅವನು ಬಳಸುತ್ತಿದ್ದ ಮಾತುಗಳಲ್ಲಿ ಅತ್ಯಂತ ಮೆದುವಾದದ್ದು. ಕನ್ನಡ, ಮರಾಠಿ, ಹಿಂದಿ, ಮೂರರಲ್ಲೂ ಬಯ್ಯುತ್ತಿದ್ದ.

ತೊಂಬತ್ತರ ದಶಕದ ಮೊದಲಲ್ಲಿ ಡಾಕ್ಟರು ನರ್ಸಿಂಗ್ ಹೋಂ ಮುಚ್ಚಿ ಮೈಸೂರಿಗೆ ಅಕ್ಕನ ಮನೆಗೆ ಹೊರಟರು. ನಾನು ನೋಡಲು ಹೋದೆ. ಮಂಚಗಳನ್ನು ಆಗಲೇ ಇಳಿಸಿದ್ದರು. ಖಾಲಿ ಕೋಣೆಯಲ್ಲಿ ಪುಸ್ತಕಗಳನ್ನು ಹಗ್ಗದಲ್ಲಿ ಕಟ್ಟುತ್ತಿದ್ದರು. ಕೂರಲು ಕುರ್ಚಿ ಇರಲಿಲ್ಲ. ಅವತ್ತು ನನ್ನನ್ನು ಕೆಮ್ಮಲು ಹೇಳಲಿಲ್ಲ.

"ಸರ್, ಅವತ್ತ ಗಂಟು ಇತ್ರಿ" ಎಂದೆ.

"ಗೊತ್ತು. ಈ ಗಂಟಿನ ಮೇಲೆ ಬೆರಳಿಡಿ" ಎಂದು ಹಗ್ಗ ತೋರಿಸಿದರು. ಬೆರಳಿಟ್ಟೆ. ಬಿಗಿದರು.

"ಯಾರಿಗೂ ಹೇಳ್ಲಿಲ್ಲಲ್ರಿ ನೀವು."

"ಹೇಳಿದ್ರೆ ಅವನು ಯಾರ ಮನೇಲಿ ಮಲಗ್ತಿದ್ದ?" ಎಂದು ಇನ್ನೊಂದು ಕಟ್ಟು ಎಳೆದುಕೊಂಡರು. "ಎರಡು ತಿಂಗಳು ಗಂಜಿ ಕೊಡೋರು ಬೇಕಿತ್ತು, ಗಾಯ ತೊಳೆಯೋಕೆ ಬಿಸಿನೀರು ಬೇಕಿತ್ತು, ಮೈ ಒರೆಸೋರು ಬೇಕಿತ್ತು. ಅದೆಲ್ಲ ನಿಮ್ಮ ಮನೇಲಿತ್ತು. ನಿಮ್ಮ ಮೇಲೆ ಸಿಟ್ಟು ಬಂದಿದ್ರೆ ಎದ್ದು ಹೋಗ್ತಿದ್ದ, ಹೋಗಿದ್ರೆ ಹೊಲಿಗೆ ಬಿಚ್ಚುತ್ತಿತ್ತು. ನನ್ನ ಮೇಲೆ ಬಂದ್ರೆ ಅವನಿಗೇನೂ ನಷ್ಟ ಇರಲಿಲ್ಲ. ಅಲ್ಲದೆ ನಾನು ನಿಲ್ಲಿಸಿ ನೋಡಲಿಲ್ಲ, ಅದೂ ನಿಜ."

"ನಿಮಗ ನಷ್ಟ ಆತಲ್ರಿ."

ಡಾಕ್ಟರು ಈ ಮಾತು ದಾಟಿ ಹೋಗಲಿ ಎಂದು ಕಾದರು. "ಈಗ ಅವನು ದುಡಿದು ತಿಂತಾನೆ. ಹೊಲಿಗೆ ಗಟ್ಟಿಯಾಗಿದೆ. ಈಗ ನೀವು ಹೇಳಬಹುದು" ಎಂದರು.

ಹೇಳಬಹುದು ಎಂದದ್ದನ್ನು ಹೇಳಲು ನಾನು ಮತ್ತೆ ತಡಮಾಡಿದೆ. ಫರಸಾಣದ ಅಂಗಡಿಯವನು ಮೇಲಿನ ಮಹಡಿಯನ್ನೂ ಹಿಡಿದು ಆಪರೇಷನ್ ಕೋಣೆಯಲ್ಲಿ ಒಲೆ ಹೂಡಿದ. ಮರುವರ್ಷ ಡಾಕ್ಟರು ಮೈಸೂರಿನಲ್ಲಿ ತೀರಿಕೊಂಡರೆಂದು ಕಾರ್ಯದರ್ಶಿ ಸುದ್ದಿ ತಂದ. ಸಂಘದಲ್ಲಿ ಎದ್ದು ನಿಂತು ಮೌನ ಆಚರಿಸಿದರು. ಹಿಂದೆ ಯಾರೋ ಕೆಮ್ಮಿದರು, ಕೆಲವರು ನಕ್ಕರು.

ಆ ಭಾನುವಾರ ಬಸು ದಹಿಸರ್‌ನಿಂದ ನಮ್ಮ ಮನೆಗೆ ಬಂದ. ಚಪ್ಪಲಿ ಬಿಡುತ್ತಲೇ, "ಹ್ವಾದನಂತಲ್ರಿ ಭಾವ ನಮ್ಮ ಕಟಕ?" ಎಂದ. ಕಸ್ತೂರಿ ಚಹಾಕ್ಕಿಡಲು ಒಳಗೆ ಹೋದಳು.

"ಬಸು, ಕೂಡು" ಎಂದೆ. "ಮೊದಲನೇ ದಿನ ನೀ ಎಕ್ಸ್‌ರೇಕ್ಕ ಹೋದಾಗ ಅವರು ನನ್ನ ಕೇಳಿದ್ರು. ಗಂಟು ಬಂದಿತ್ತೇನು, ಒತ್ತಿದ್ರ ಒಳಗ ಹ್ವಾತೇನು ಅಂತ. ನಾ ಇಲ್ಲ ಅಂದೆ."

"ಬಂದಿತ್ತಲ್ರಿ."

"ಬಂದಿತ್ತು. ನಾನ ತಳ್ಳಿದ್ದೆ. ಹೌದು ಅಂದಿದ್ರ ಅವರು ಅವತ್ತ ಆಪರೇಷನ್ ಮಾಡಾವ್ರಿದ್ರು."

ಬಸು ನನ್ನನ್ನೇ ನೋಡುತ್ತಿದ್ದ. "ಅವರಿಗೆ ಗೊತ್ತಾಗಲಿಲ್ಲೇನು?"

"ಆಪರೇಷನ್ ದಿವಸನ ಗೊತ್ತಾತು."

"ಮತ್ತ ಹೇಳಲಿಲ್ಲ?"

"ನಿನಗ ಗಂಜಿ ಕೊಡಾವ್ರು ಬೇಕಾಗಿತ್ತು ಅಂದ್ರು."

ಅವನು ಅಡುಗೆಮನೆಯ ಕಡೆ ನೋಡಿದ. ಒಳಗೆ ಸ್ಟವ್ ಸದ್ದು ಮಾಡುತ್ತಿತ್ತು. "ಇಷ್ಟು ವರ್ಷ ಬೈದೀನಲ್ರಿ ಆ ಮನುಷ್ಯಾನ್ನ" ಎಂದ. "ಹೆಂಗ್ಹೆಂಗ ಬೈದೀನಿ. ಅದನ್ನೆಲ್ಲ ಈಗ ಏನ ಮಾಡ್ಲಿ?"

"ನನಗ ಬೈ."

"ನಿಮಗ ಹೆಂಗ ಬೈಯಲಿ? ಅಕ್ಕನ ಗಂಡ ನೀವು."

"ಆದ್ರೂ ಬೈ."

ಕಸ್ತೂರಿ ಚಹಾ ತಂದಿಟ್ಟಳು. ಬಸು ಬಸಿಯಲ್ಲಿ ಹೊಯ್ದುಕೊಂಡು, ಆರಿಸಿ, ಪೂರ್ತಿ ಕುಡಿದ. ಬಸಿಯ ಮೇಲೆ ಕಪ್ಪನ್ನಿಟ್ಟು ಪಕ್ಕಕ್ಕೆ ಸರಿಸಿದ. "ಅಕ್ಕ, ನೀ ಸ್ವಲ್ಪ ಒಳಗ ಹೋಗು" ಎಂದ. ಅವಳು ಹೋದಳು. ಆಮೇಲೆ ಶುರುಮಾಡಿದ. ಡಾಕ್ಟರಿಗೆ ಬಳಸುತ್ತಿದ್ದ ಮಾತುಗಳನ್ನೇ ಬಳಸಿದ, ಮೂರೂ ಭಾಷೆಯಲ್ಲಿ. ನಾನು ತಲೆ ಬಗ್ಗಿಸಿ ಕೇಳಿಸಿಕೊಂಡೆ. ಒಂದನ್ನೂ ಬದಲಿಸಬೇಕಾಗಲಿಲ್ಲ.